ಆತುರವಿಲ್ಲದ ಒಲೆ: ಹಂದಿಯ ಭುಜಮಾಂಸಕ್ಕೆ ಕೋಲಾರದ ಟೊಮೆಟೊ ಸಾಸು

ಹಂದಿಯ ಮುಂಗಾಲಿನ ಭುಜದ ಮಾಂಸವೆಂದರೆ ಮೂಗು ಮುರಿಯುವವರೇ ಹೆಚ್ಚು. ನಾರು ಜಾಸ್ತಿ, ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರ ದೂರು. ಭಾನುವಾರ ಬೆಳಿಗ್ಗೆ ಅಂಗಡಿಯಿಂದ ತಂದು, ಮಧ್ಯಾಹ್ನದ ಊಟಕ್ಕೆ ಆಗಲೇಬೇಕೆಂದು ದೊಡ್ಡ ಉರಿಯಲ್ಲಿ ಕುದಿಸಿದರೆ ಈ ದೂರು ನಿಜವೇ. ಆದರೆ ಅದೇ ಮಾಂಸವನ್ನು ಎಂಟು-ಹತ್ತು ಗಂಟೆ ಮಂದ ಉರಿಯಲ್ಲಿ ಬಿಟ್ಟು ನೋಡಿ. ಮೂಳೆ ತಾನಾಗಿಯೇ ಕಳಚಿ ಬರುತ್ತದೆ. ಎರಡು ಮುಳ್ಳುಚಮಚ ಹಾಕಿ ಎಳೆದರೆ ಮಾಂಸ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಹಲ್ಲಿಲ್ಲದ ಅಜ್ಜನೂ ತಿನ್ನಬಹುದು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹು ಪ್ರಸಿದ್ಧವಾದ ಈ ಅಡಿಗೆಗೆ ಮುಖ್ಯವಾಗಿ ಬೇಕಾಗುವುದು ಟೊಮೆಟೊ, ಹುಳಿ, ಬೆಲ್ಲ, ಮೆಣಸಿನಕಾಯಿ. ಇವಾವುವೂ ಕೋಲಾರ ಜಿಲ್ಲೆಯವರಿಗೆ ಹೊಸವಲ್ಲ. ಆದ್ದರಿಂದ ಹೊರದೇಶದ ಸಾಸಿನ ಸೀಸೆಗೆ ಕಾಯದೆ, ನಮ್ಮ ತೋಟದ ಪದಾರ್ಥಗಳಿಂದಲೇ ಇದನ್ನು ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ. ಹಂದಿಮಾಂಸ ಮುಟ್ಟದ ಮನೆಗಳೂ ನಮ್ಮಲ್ಲಿ ಬಹಳ. ಅಂಥವರು ಇದೇ ಕ್ರಮವನ್ನು ಕುರಿ, ಮೇಕೆಯ ಮುಂಗಾಲಿಗೆ ಅನುಸರಿಸಬಹುದು.

ಬೆರಣಿಯ ಕೆಂಡ, ವಿದ್ಯುತ್ ಪಾತ್ರೆ

ಹಿಂದೆ ಹಳ್ಳಿಯ ಮನೆಗಳಲ್ಲಿ ಹಾಲಿನ ಮಡಕೆಯನ್ನು ಬೆರಣಿಯ ಕೆಂಡದ ಮೇಲಿಟ್ಟು ಹೊಲಕ್ಕೆ ಹೋಗುತ್ತಿದ್ದರು. ಸಂಜೆ ಬರುವ ಹೊತ್ತಿಗೆ ಹಾಲು ಉಕ್ಕದೆ, ಸೀಯದೆ, ಕೆಂಪಗೆ ಕಾದು ಮೇಲೆ ದಪ್ಪ ಕೆನೆ ಕಟ್ಟಿರುತ್ತಿತ್ತು. ‘ಸ್ಲೋ ಕುಕ್ಕರ್’ ಎಂಬ ವಿದ್ಯುತ್ ಪಾತ್ರೆ ಮಾಡುವ ಕೆಲಸವೂ ಇದೇ. ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಸುತ್ತ ಸಣ್ಣಗೆ ಕಾಯುವ ತಂತಿ, ಮೇಲೆ ಮುಚ್ಚಳ. ಅಮೆರಿಕದ ಇರ್ವಿಂಗ್ ನಾಕ್ಸನ್ ಎಂಬುವರು 1940ರಲ್ಲಿ ಇಂಥ ಪಾತ್ರೆಗೆ ಪೇಟೆಂಟ್ ಪಡೆದರು. 1971ರಲ್ಲಿ ‘ಕ್ರಾಕ್-ಪಾಟ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದು ಮನೆಮಾತಾಯಿತು. ಬೆಳಿಗ್ಗೆ ಹಚ್ಚಿ ಕೆಲಸಕ್ಕೆ ಹೋದವರಿಗೆ ಸಂಜೆ ಬಿಸಿ ಊಟ ಸಿಗುವುದೇ ಅದರ ಆಕರ್ಷಣೆ. ನಾಲ್ಕೈದು ಲೀಟರಿನ ಪಾತ್ರೆ ಸುಮಾರು 200 ವ್ಯಾಟ್ ತೆಗೆದುಕೊಳ್ಳುತ್ತದೆ ಎಂದು ಹಿಡಿದರೆ, ಹತ್ತು ಗಂಟೆಗೆ ಎರಡು ಯೂನಿಟ್ ವಿದ್ಯುತ್ ಸಾಕು.

ಗಟ್ಟಿ ಮಾಂಸ ಮೆತ್ತಗಾಗುವುದು ಏಕೆ? ಪ್ರಾಣಿ ಹೆಚ್ಚು ಬಳಸುವ ಭುಜ, ಕಾಲುಗಳಲ್ಲಿ ಮಾಂಸವನ್ನು ಹಿಡಿದಿಡುವ ಬಿಳಿಯ ನಾರು ಹೆಚ್ಚಾಗಿರುತ್ತದೆ. ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ದಾಟಿದ ಮೇಲೆ ಈ ನಾರು ಗಂಟೆಗಟ್ಟಲೆ ಕರಗುತ್ತಾ ಅಂಟಾಗುತ್ತದೆ. ಕಾಲು ಸೂಪು ಆರಿದ ಮೇಲೆ ಹೆಪ್ಪುಗಟ್ಟುವುದು ಈ ಅಂಟಿನಿಂದಲೇ. ಉರಿ ಜೋರು ಮಾಡಿದರೆ ಮಾಂಸದ ರಸ ಬೇಗ ಹಿಂಡಿಹೋಗುತ್ತದೆಯೇ ಹೊರತು ನಾರಿಗೆ ಕರಗಲು ಸಮಯ ಸಿಗುವುದಿಲ್ಲ.

ಬಡವರ ಪಾಲಿನ ಮಾಂಸ

‘ಬಾರ್ಬೆಕ್ಯೂ’ ಎಂಬ ಮಾತು ಕೆರೀಬಿಯನ್ ದ್ವೀಪಗಳ ಮೂಲನಿವಾಸಿಗಳ ಭಾಷೆಯಿಂದ ಸ್ಪೇನಿನವರ ಮೂಲಕ ಇಂಗ್ಲಿಷಿಗೆ ಬಂದದ್ದು. ಅಮೆರಿಕದ ಕೆರೊಲಿನಾ ಸೀಮೆಯಲ್ಲಿ ನೆಲದಲ್ಲಿ ಗುಂಡಿ ತೋಡಿ, ಕೆಂಡ ಹರಡಿ, ಹಂದಿಯನ್ನು ರಾತ್ರಿಯಿಡೀ ಬೇಯಿಸುತ್ತಿದ್ದರು. ಆ ಗುಂಡಿಗಳ ಮುಂದೆ ನಿದ್ದೆಗೆಟ್ಟು ಕಾದು, ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರೇ ಪ್ರಮುಖರು. ಪೂರ್ವ ಕೆರೊಲಿನಾದಲ್ಲಿ ವಿನೆಗರ್ ಮತ್ತು ಮೆಣಸಿನ ಸಾಸು, ಪಶ್ಚಿಮದಲ್ಲಿ ಅದಕ್ಕೆ ಟೊಮೆಟೊ, ದಕ್ಷಿಣ ಕೆರೊಲಿನಾದಲ್ಲಿ ಸಾಸಿವೆ - ಹೀಗೆ ಸೀಮೆಗೊಂದು ರುಚಿ.

ಹಂದಿಯ ಕೊಬ್ಬಿಗೆ ಹುಳಿ ಬೇಕೆಂಬುದನ್ನು ನಮ್ಮ ನಾಡಿನವರೂ ಕಂಡುಕೊಂಡಿದ್ದಾರೆ. ಕೊಡಗಿನ ಪಂದಿಕರಿಗೆ ಕಾಚಂಪುಳಿ ಇಲ್ಲದೆ ಆಗದು. ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಚಿನ್ನದ ಗಣಿಯ ಕಾಲದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ವಿನೆಗರ್ ಹಾಕಿದ ಹಂದಿಮಾಂಸದ ವಿಂಡಲೂ ಹಬ್ಬದ ಅಡಿಗೆಯಾಗಿತ್ತು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಅವರು ಆ ಅಡಿಗೆಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಹುಣಸೆಮರ ಸಾಲುಸಾಲಾಗಿರುವ ನಮ್ಮ ಹಳ್ಳಿಗಳಲ್ಲಿ ವಿನೆಗರ್ ಹುಡುಕಬೇಕಾಗಿಲ್ಲ.

ಮಾಂಸ ಕೊಳ್ಳುವ ಮುನ್ನ

ರುಚಿಗಿಂತ ಮೊದಲು ನೋಡಬೇಕಾದದ್ದು ಹಂದಿ ಎಲ್ಲಿ ಬೆಳೆದದ್ದು ಎಂಬುದನ್ನು. ಬೀದಿಯಲ್ಲಿ ಅಲೆದು ಮನುಷ್ಯರ ಮಲ ತಿನ್ನುವ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಗುಳ್ಳೆಗಳು ಇರಬಹುದು. ಕೊಯ್ದ ಮಾಂಸದಲ್ಲಿ ಬೆಂದ ಸಬ್ಬಕ್ಕಿಯಂಥ ಬಿಳಿಯ ಗುಳ್ಳೆ ಕಂಡರೆ ಅದನ್ನು ಕೊಳ್ಳಬಾರದು. ಅಂಥ ಮಾಂಸವನ್ನು ಅರೆಬೇಯಿಸಿ ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ಲಾಡಿಹುಳು ಇರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಕೊಳಕು ಕೈ, ಕೊಳಕು ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿಯ ಮೂಲಕ ಆ ಮೊಟ್ಟೆ ಯಾರ ಹೊಟ್ಟೆಗಾದರೂ ಹೋದರೆ, ಮರಿಹುಳು ಮೆದುಳನ್ನು ಸೇರಿ ಗುಳ್ಳೆ ಕಟ್ಟಿ ಮೂರ್ಛೆರೋಗ ತರಬಲ್ಲದು. ಆದ್ದರಿಂದ ಹಂದಿಮಾಂಸವನ್ನು ಮುಟ್ಟದ ಸಸ್ಯಾಹಾರಿಗೂ ಈ ರೋಗ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರಿಗೆ ಇದು ಅಪರೂಪದ ಕಾಯಿಲೆಯಲ್ಲ. ಶೌಚಾಲಯದ ಬಳಕೆ, ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ಹಂದಿ, ಚೆನ್ನಾಗಿ ಬೆಂದ ಮಾಂಸ - ಈ ಮೂರೂ ಸೇರಿದರೆ ಸರಪಳಿ ಕಡಿಯುತ್ತದೆ. ನಾವು ಹೇಳುತ್ತಿರುವ ಅಡಿಗೆಯಲ್ಲಿ ಮಾಂಸದ ಒಳಭಾಗ 90 ಡಿಗ್ರಿ ಮೀರಿ ಕಾಯುವುದರಿಂದ ಗುಳ್ಳೆಯೊಳಗಿನ ಹುಳು ಉಳಿಯುವುದಿಲ್ಲ.

ಬೇಕಾಗುವ ಸಾಮಗ್ರಿಗಳು

ಎಂಟು ಜನರ ಊಟಕ್ಕೆ: ಮೂಳೆಸಹಿತ ಭುಜದ ಮಾಂಸ 2 ಕಿಲೋ (ಬೆಂದು, ಮೂಳೆ ತೆಗೆದ ಮೇಲೆ ಸುಮಾರು ಅರ್ಧದಷ್ಟು ಉಳಿಯುತ್ತದೆ), ಉಪ್ಪು 30 ಗ್ರಾಂ, ಬ್ಯಾಡಗಿ ಮೆಣಸಿನಪುಡಿ 2 ದೊಡ್ಡ ಚಮಚ, ಧನಿಯಾ ಪುಡಿ 2 ದೊಡ್ಡ ಚಮಚ, ಕರಿಮೆಣಸಿನ ಪುಡಿ 1 ದೊಡ್ಡ ಚಮಚ, ಪುಡಿಬೆಲ್ಲ 2 ದೊಡ್ಡ ಚಮಚ, ದಪ್ಪ ಈರುಳ್ಳಿ 3, ಬೆಳ್ಳುಳ್ಳಿ 1 ಗಡ್ಡೆ.

ಸಾಸಿಗೆ: ಚೆನ್ನಾಗಿ ಮಾಗಿದ ಟೊಮೆಟೊ 1 ಕಿಲೋ, ಬೆಲ್ಲ 100 ಗ್ರಾಂ, ನಿಂಬೆ ಗಾತ್ರದ ಹುಣಸೆಹಣ್ಣು, ಒಣಮೆಣಸಿನಕಾಯಿ 6, ಬೆಳ್ಳುಳ್ಳಿ 8 ಎಸಳು, ಸಾಸಿವೆ ಪುಡಿ 1 ಚಿಕ್ಕ ಚಮಚ, ರುಚಿಗೆ ಉಪ್ಪು.

ಬೇಯಿಸುವ ವಿಧಾನ

ಹಿಂದಿನ ರಾತ್ರಿ ಉಪ್ಪು, ಪುಡಿಗಳು ಮತ್ತು ಬೆಲ್ಲವನ್ನು ಬೆರೆಸಿ ಮಾಂಸಕ್ಕೆ ಎಲ್ಲ ಕಡೆ ತಿಕ್ಕಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜು ಇಲ್ಲದವರು ಬೆಳಿಗ್ಗೆಯೇ ಮಾಂಸ ತಂದು ತಿಕ್ಕಿ, ತಡಮಾಡದೆ ಒಲೆಗಿಡಬೇಕು. ಹಸಿಮಾಂಸವನ್ನು ರಾತ್ರಿಯಿಡೀ ಹೊರಗಿಡಬಾರದು.

ಕಾದ ಬಾಣಲೆಯಲ್ಲಿ ಮಾಂಸವನ್ನು ಎಲ್ಲ ಮಗ್ಗುಲಲ್ಲೂ ಕಂದು ಬಣ್ಣ ಬರುವವರೆಗೆ ಹುರಿದುಕೊಳ್ಳಿ. ಸ್ಲೋ ಕುಕ್ಕರಿನ ತಳದಲ್ಲಿ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ ಹರಡಿ ಮೇಲೆ ಮಾಂಸ ಇಡಿ. ಒಂದು ಲೋಟ ಬಿಸಿನೀರು ಸಾಕು. ಮಾಂಸ ತಾನೇ ನೀರು ಬಿಡುತ್ತದೆ. ಪಾತ್ರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ಮಂದ ಶಾಖದಲ್ಲಿ 8ರಿಂದ 10 ಗಂಟೆ, ಹೆಚ್ಚಿನ ಶಾಖದಲ್ಲಾದರೆ 5ರಿಂದ 6 ಗಂಟೆ ಬೇಕು. ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡುವ ಚಪಲ ಬೇಡ. ಪ್ರತಿ ಸಲವೂ ಶಾಖ ಇಳಿದು ಅಡಿಗೆ ಇಪ್ಪತ್ತು ನಿಮಿಷವಾದರೂ ಹಿಂದೆ ಬೀಳುತ್ತದೆ. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ನೇರವಾಗಿ ಹಾಕುವುದೂ ತಪ್ಪು. ಅದು ಬಿಸಿಯಾಗುವಷ್ಟರಲ್ಲಿ ಕ್ರಿಮಿಗಳು ಬೆಳೆದಿರುತ್ತವೆ.

ಮೂಳೆಯನ್ನು ಹಿಡಿದು ಎಳೆದರೆ ಬರಿದಾಗಿ ಬಂದರೆ ಬೆಂದಿದೆ ಎಂದರ್ಥ. ಮಾಂಸವನ್ನು ತಟ್ಟೆಗೆ ತೆಗೆದು ಇಪ್ಪತ್ತು ನಿಮಿಷ ಬಿಟ್ಟು, ಎರಡು ಮುಳ್ಳುಚಮಚಗಳಿಂದ ಎಳೆ ಬಿಡಿಸಿ. ತಳದ ರಸದ ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆದುಹಾಕಿ.

ಕರೆಂಟು ಹೋದರೆ?

ಗಣಿಗಾಗಿ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಜಿಲ್ಲೆ ನಮ್ಮದು. ಆದರೂ ಹತ್ತು ಗಂಟೆ ಒಂದೇ ಸಮನೆ ಕರೆಂಟು ಇರುತ್ತದೆಂದು ಎಲ್ಲ ಹಳ್ಳಿಯಲ್ಲೂ ನಂಬಿ ಕೂರುವಂತಿಲ್ಲ. ಮಾಂಸ ಇನ್ನೂ ಬೇಯದಿರುವಾಗ ಕರೆಂಟು ಹೋದರೆ ಕಾಯುತ್ತಾ ಕೂರದೆ ಎಲ್ಲವನ್ನೂ ಬೇರೆ ಪಾತ್ರೆಗೆ ಹಾಕಿ ಗ್ಯಾಸ್ ಒಲೆಯ ಮೇಲೆ ಮುಂದುವರಿಸಿ. ಮನೆಯಲ್ಲಿ ಯಾರೂ ಇಲ್ಲದಾಗ ಹೋಗಿ, ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ ಆ ಮಾಂಸವನ್ನು ಬಳಸದಿರುವುದೇ ಕ್ಷೇಮ.

ಸ್ಲೋ ಕುಕ್ಕರ್ ಇಲ್ಲದವರು ನಿರಾಶರಾಗಬೇಕಿಲ್ಲ. ಮಾಂಸವನ್ನು ನಾಲ್ಕು ತುಂಡು ಮಾಡಿ, ದಪ್ಪ ತಳದ ಪಾತ್ರೆಯಲ್ಲಿ ಎರಡು ಲೋಟ ನೀರಿನೊಡನೆ ಕುದಿ ಬರಿಸಿ. ನಂತರ ಗ್ಯಾಸಿನ ಅತಿ ಸಣ್ಣ ಉರಿಯ ಮೇಲೆ ಹಳೆಯ ಕಬ್ಬಿಣದ ಹೆಂಚಿಟ್ಟು ಅದರ ಮೇಲೆ ಪಾತ್ರೆ ಇಡಿ. ಮುಚ್ಚಳದ ಸುತ್ತ ರಾಗಿಹಿಟ್ಟು ಮೆತ್ತಿದರೆ ಹಬೆ ಹೊರಹೋಗುವುದಿಲ್ಲ. ಸುಮಾರು 4 ಗಂಟೆ ಬೇಕು. ಸೌದೆ ಒಲೆಯಾದರೆ ಉರಿ ತೆಗೆದು ಕೆಂಡ ಮಾತ್ರ ಉಳಿಸಿ, ಮುಚ್ಚಳದ ಮೇಲೂ ಕೆಂಡ ಹಾಕಿ. ಒಂದು ಗಂಟೆಯಲ್ಲಿ ಪ್ರೆಷರ್ ಕುಕ್ಕರಿನಲ್ಲಿಯೂ ಮಾಂಸ ಮೆತ್ತಗಾಗುತ್ತದೆ. ಅವಸರವಿದ್ದವರಿಗೆ ಅದೂ ಒಂದು ದಾರಿ.

ಟೊಮೆಟೊ ಸಾಸು

2023ರ ಜುಲೈಯಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಕಂಡಿದ್ದೇವೆ. ಕೊಯ್ದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ಮನೆಯ ಸಾಸಿಗೆ ಒಂದು ಕಿಲೋ ಹಣ್ಣು ಹೋದರೆ ಮಾರುಕಟ್ಟೆಯ ಬೆಲೆ ಏರುವುದಿಲ್ಲ, ನಿಜ. ಆದರೆ ಬೆಳೆದವರ ಮನೆಯಲ್ಲೇ ಪೇಟೆಯ ಸಾಸಿನ ಸೀಸೆ ಕೊಳ್ಳುವುದು ತಪ್ಪೀತು.

ಹಣ್ಣನ್ನು ಬೇಯಿಸಿ ಸಿಪ್ಪೆ ತೆಗೆದು, ನೆನೆಸಿದ ಮೆಣಸಿನಕಾಯಿ, ಬೆಳ್ಳುಳ್ಳಿಯೊಡನೆ ನುಣ್ಣಗೆ ರುಬ್ಬಿ. ಹುಣಸೆ ರಸ, ಬೆಲ್ಲ, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಕುದಿಸಿ. ಸಾಸು ಸೌಟಿಗೆ ಅಂಟುವಂತಾದಾಗ ಸಾಸಿವೆ ಪುಡಿ ಹಾಕಿ ಇಳಿಸಿ. ಹುಳಿ ಪದಾರ್ಥವಾದ್ದರಿಂದ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ ಬಳಸಬಾರದು. ಶ್ರೀನಿವಾಸಪುರದ ಕಡೆಯವರು ಮಾವಿನ ಕಾಲದಲ್ಲಿ ಹುಣಸೆಯ ಬದಲು ಬೇಯಿಸಿದ ಹುಳಿಮಾವಿನಕಾಯಿಯ ತಿರುಳು ಹಾಕಬಹುದು.

ಬಿಡಿಸಿದ ಮಾಂಸಕ್ಕೆ ಅರ್ಧದಷ್ಟು ಸಾಸು, ಎರಡು ಸೌಟು ತಳದ ರಸ ಬೆರೆಸಿ ಹತ್ತು ನಿಮಿಷ ಬಿಸಿ ಮಾಡಿ. ಗುಂಡಿಯ ಹೊಗೆಯ ವಾಸನೆ ಬೇಕಾದವರು ಮಾಂಸದ ನಡುವೆ ಸಣ್ಣ ಬಟ್ಟಲಿಟ್ಟು, ನಿಗಿನಿಗಿ ಕೆಂಡವೊಂದನ್ನು ಅದರಲ್ಲಿ ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಡಿ. ಅಮೆರಿಕದವರು ಇದನ್ನು ಬನ್ನಿನ ನಡುವೆ ಇಟ್ಟು ತಿನ್ನುತ್ತಾರೆ. ಬಿಸಿ ರಾಗಿರೊಟ್ಟಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಉಳಿದ ರಸಕ್ಕೆ ಒಗ್ಗರಣೆ ಕೊಟ್ಟರೆ ಮುದ್ದೆಗೆ ಸಾರಾಯಿತು. ಮಿಕ್ಕ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಫ್ರಿಜ್ಜು ಇಲ್ಲದಿದ್ದರೆ ಆ ಹೊತ್ತಿಗೆ ಮುಗಿಯುವಷ್ಟೇ ಮಾಡುವುದು ಲೇಸು.

ಸಾಕುವವರಿಗೆ ಒಂದು ಮಾತು

ಮಾಲೂರು, ಕೋಲಾರದ ಕಡೆ ಬೆಂಗಳೂರಿನ ಮಾರುಕಟ್ಟೆಯನ್ನು ನೆಚ್ಚಿ ಹಂದಿ ಸಾಕಬಯಸುವವರು ಲಾರ್ಜ್ ವೈಟ್ ಯಾರ್ಕ್‌ಶೈರ್ ತಳಿಯನ್ನೋ ಅದರ ಮಿಶ್ರತಳಿಯನ್ನೋ ಆರಿಸಿಕೊಳ್ಳುವುದು ವಾಡಿಕೆ. ಗಬ್ಬದ ಅವಧಿ ಸುಮಾರು 114 ದಿನ. ಹೋಟೆಲಿನ ಉಳಿಕೆ ಆಹಾರ ಹಾಕುವವರು ಅದನ್ನು ಚೆನ್ನಾಗಿ ಕುದಿಸಿಯೇ ಹಾಕಬೇಕು. 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಹರಡುವ ದಾರಿಗಳಲ್ಲಿ ಕುದಿಸದ ಉಳಿಕೆಯೂ ಒಂದು. ಅದು ಮನುಷ್ಯರಿಗೆ ತಗಲುವುದಿಲ್ಲ, ಆದರೆ ಕೊಟ್ಟಿಗೆಯನ್ನೇ ಬರಿದು ಮಾಡಬಲ್ಲದು. ಮಾಮೂಲಿ ಹಂದಿಜ್ವರಕ್ಕೆ ಲಸಿಕೆ ಇದೆ. ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಹಾಕಿಸಬೇಕು.

ಗಿರಾಕಿ ಕೇಳುವುದು ಮೊದಲು ಒಳ್ಳೆಯ ತುಂಡನ್ನೇ. ಭುಜ, ಕಾಲು ಹಿಂದೆ ಉಳಿಯುತ್ತವೆ. ಅವುಗಳನ್ನು ಹೇಗೆ ಬೇಯಿಸಬೇಕೆಂದು ಹೇಳಿಕೊಟ್ಟು ಮಾರಿದರೆ ಅವಕ್ಕೂ ಗಿರಾಕಿ ಹುಟ್ಟಿಯಾನು. ಕಟ್ಟಿ ಸಾಕಿದ ಹಂದಿ, ಮನೆಯ ಟೊಮೆಟೊ, ಮಂದವಾದ ಕೆಂಡ - ಮೂರೂ ಇದ್ದಲ್ಲಿ ಮುಂದಿನ ಭಾನುವಾರವೇ ಮಾಡಿ ನೋಡಬಹುದು. ಬೆಳಿಗ್ಗೆ ಬೇಗ ಒಲೆಗಿಟ್ಟರೆ ಮಾತ್ರ ರಾತ್ರಿಯ ಊಟಕ್ಕೆ ಸಿದ್ಧವಾದೀತು ಎಂಬುದನ್ನು ಮರೆಯದಿರಿ.