ಕಣ್ಕಟ್ಟು ಬಿಡಿಸುವ ಕೈ

ತಯುಯಾಳ ಕೊಳಲಿನ ದನಿ ಕಿವಿಗೆ ಬಿದ್ದದ್ದೇ ತಡ, ಶಿಕಮಾರು ಕಟ್ಟಿಹಾಕಿದವನಂತೆ ನಿಂತುಬಿಡುತ್ತಾನೆ. ಅನುಭವಕ್ಕೆ ಬರುತ್ತಿರುವುದೆಲ್ಲ ಸುಳ್ಳೆಂದು ಗೊತ್ತಿದ್ದರೂ ಮೈ ಅಲುಗುವುದಿಲ್ಲ. ಕೊನೆಗೆ ಹೇಗೋ ತನ್ನ ಬೆರಳನ್ನು ತಾನೇ ಮುರಿದುಕೊಳ್ಳುತ್ತಾನೆ. ಆ ನೋವಿಗೆ ಮಾಯೆ ಹರಿದುಹೋಗುತ್ತದೆ.

ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ 700 ಅಧ್ಯಾಯಗಳಲ್ಲಿ ಬರೆದು ಚಿತ್ರಿಸಿದ ‘ನರುಟೊ’ ಎಂಬ ಜಪಾನಿ ಮಾಂಗಾದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಕತ್ತಿ ಕಾಳಗಗಳಲ್ಲ, ಇಂಥ ಗಳಿಗೆಗಳು. ಅಲ್ಲಿನ ನಿಂಜಾಗಳಿಗೆ ಗೆಂಜುತ್ಸು ಎಂಬ ಕಣ್ಕಟ್ಟು ವಿದ್ಯೆಯಿದೆ. ಎದುರಾಳಿಯ ಮಿದುಳಿನ ನರಗಳಲ್ಲಿ ಹರಿಯುವ ‘ಚಕ್ರ’ವೆಂಬ ಶಕ್ತಿಯನ್ನು ಹಿಡಿತಕ್ಕೆ ತೆಗೆದುಕೊಂಡು ಪಂಚೇಂದ್ರಿಯಗಳಿಗೂ ಸುಳ್ಳು ಉಣಿಸುವುದು ಅದರ ಬಗೆ. ಬಿಡಿಸಿಕೊಳ್ಳುವವನು ಆ ಹರಿವನ್ನೇ ಅರೆಕ್ಷಣ ತಡೆದು ನಿಲ್ಲಿಸಬೇಕು. ಅದಕ್ಕೂ ಮೊದಲು, ತಾನು ಮಾಯೆಯೊಳಗಿದ್ದೇನೆ ಎಂಬ ಗುಮಾನಿಯಾದರೂ ಹುಟ್ಟಬೇಕು. ನಿಂಜಾಗಳ ಬಡ್ತಿಗಾಗಿ ನಡೆಯುವ ಚೂನಿನ್ ಪರೀಕ್ಷೆಯ ಕ್ರೀಡಾಂಗಣದಲ್ಲಿ ಬಿಳಿ ಗರಿಗಳು ಉದುರತೊಡಗಿ ಪ್ರೇಕ್ಷಕರೆಲ್ಲ ನಿದ್ದೆಗೆ ಜಾರಿದಾಗ, ಹುಡುಗಿ ಸಕುರಾ ತಕ್ಷಣ ಎಚ್ಚೆತ್ತುಕೊಂಡು ಮಾಯೆ ಬಿಡಿಸುವ ಕೈಮುದ್ರೆ ಹಿಡಿಯುತ್ತಾಳೆ. ಅಲ್ಲಿಯವರೆಗೆ ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಓದುಗರಿಗೆ ಅವಳ ಬುದ್ಧಿಯ ಹರಿತ ಕಾಣುವುದು ಆಗ.

ನೋವಿನ ದಾರಿ ಶಿಕಮಾರುವಿನದು ಮಾತ್ರವಲ್ಲ. ಮಾಯಾವಿದ್ಯೆಯಲ್ಲಿ ಪಳಗಿದ ಕುರೆನಾಯ್ ಹೆಣೆದ ಮರದ ಬಲೆಯನ್ನು ಎದುರಾಳಿ ಇಟಾಚಿ ಅವಳಿಗೇ ತಿರುಗಿಸುತ್ತಾನೆ; ಅವಳು ತುಟಿ ಕಚ್ಚಿ ಪಾರಾಗುತ್ತಾಳೆ. ಆದರೆ ಇಟಾಚಿಯ ಶರಿಂಗನ್ ಎಂಬ ಮಾಯಾಕಣ್ಣಿಗೆ ಕಣ್ಣು ಕೊಟ್ಟರೆ ತುಟಿ ಕಚ್ಚಲೂ ಪುರುಸೊತ್ತು ಸಿಗದು. ಅವನ ತ್ಸುಕುಯೊಮಿ ಎಂಬ ಮಾಯೆಯಲ್ಲಿ ಸಿಕ್ಕಿದ ನಿಂಜಾ ಕಕಾಶಿ ಒಂದೇ ಕ್ಷಣದಲ್ಲಿ 72 ಗಂಟೆಗಳ ಚಿತ್ರಹಿಂಸೆ ಉಣ್ಣುತ್ತಾನೆ. ಈ ಕಣ್ಣಿಗೆ ಕಕಾಶಿಯ ಗೆಳೆಯ ಗಾಯ್ ಕಂಡುಕೊಂಡ ಉಪಾಯ ಸರಳ: ಕಣ್ಣು ನೋಡಬೇಡ, ಕಾಲು ನೋಡಿ ಕಾದಾಡು.

ಇಷ್ಟೆಲ್ಲ ಜಾಣರ ನಡುವೆ ಕಥಾನಾಯಕ ನರುಟೊಗೇ ಈ ವಿದ್ಯೆ ಒಲಿದಿಲ್ಲ. ಇಟಾಚಿಯ ಮಾಯೆಗೆ ಬಿದ್ದಾಗ ಬಿಡಿಸಿಕೊಳ್ಳಲು ಹೆಣಗುತ್ತಾನೆ, ಸೋಲುತ್ತಾನೆ. ಸಕುರಾ ಮತ್ತು ಮುದುಕಿ ಚಿಯೊ ಅವನ ಮೈಮುಟ್ಟಿ ತಮ್ಮ ಚಕ್ರ ಹರಿಸಿದಾಗಲೇ ಅವನಿಗೆ ಎಚ್ಚರ. ಕಿಶಿಮೊಟೊ ನಾಯಕನಿಗೆ ಈ ಕೊರತೆ ಉಳಿಸಿದ್ದು ಇಡೀ ಕತೆಯ ದೊಡ್ಡತನ ಎಂದೇ ನಾನು ತಿಳಿದಿದ್ದೇನೆ. ಮಾಯೆ ಮೊದಲು ಮಾಡುವ ಕೆಲಸ ಮನುಷ್ಯನನ್ನು ಒಂಟಿ ಮಾಡುವುದು. ಪಕ್ಕದಲ್ಲಿರುವವರ ಕೈ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಕಿಲ್ಲರ್ ಬಿ ಎಂಬ ನಿಂಜಾ ಇಟಾಚಿಯ ತಮ್ಮ ಸಸುಕೆಯ ಮಾಯೆಯಿಂದ ಪಾರಾಗುವುದೂ ಹೀಗೆಯೇ. ಅವನೊಳಗೇ ವಾಸವಾಗಿರುವ ಎಂಟು ಬಾಲದ ಮೃಗ ಗ್ಯೂಕಿ ಅವನನ್ನು ಎಬ್ಬಿಸುತ್ತದೆ.

ಯಾರ ಕೈಯೂ ಎಟುಕದ ಮಾಯೆಯೊಂದಿದೆ: ಇಜನಾಮಿ. ನಿಂಜಾ ಮಹಾಯುದ್ಧದ ನಡುವೆ, ಗುಹೆಯೊಂದರಲ್ಲಿ ಇಟಾಚಿ ತನ್ನ ಒಂದು ಕಣ್ಣಿನ ಬೆಳಕನ್ನೇ ತೆತ್ತು ಅದನ್ನು ಕಬುಟೊ ಮೇಲೆ ಹೂಡುತ್ತಾನೆ. ನಡೆದದ್ದೇ ಮತ್ತೆ ಮತ್ತೆ ನಡೆಯುತ್ತದೆ. ಅದೇ ಏಟು, ಅದೇ ಮಾತು. ಕಬುಟೊ ಅನಾಥ. ಅನಾಥಾಲಯದಲ್ಲಿ ಕನ್ನಡಕ ಕೊಟ್ಟು ಸಾಕಿದ ತಾಯಿ ನೊನೊಳನ್ನು ಗೂಢಚಾರಿಕೆಯ ಕತ್ತಲಲ್ಲಿ ಗುರುತಿಸದೆ ತಾನೇ ಇರಿದವನು. ಅವಳಿಗೂ ಕೊನೆಗಾಲಕ್ಕೆ ಇವನ ಗುರುತು ಹತ್ತಲಿಲ್ಲ. ಆಮೇಲೆ ತಾನು ಯಾರೆಂಬುದೇ ತಿಳಿಯದೆ ತನ್ನ ಒಡೆಯ ಒರೊಚಿಮಾರುವಿನ ಜೀವಕಣಗಳನ್ನು ಮೈಗೆ ಸೇರಿಸಿಕೊಂಡು ಅವನಂತಾಗಲು ಹೊರಟವನು. ಬಲ ಹೆಚ್ಚಿಸಿಕೊಂಡಷ್ಟೂ ಈ ಸುಳಿ ಬಿಡುವುದಿಲ್ಲ. ತಾನು ತಾನೇ ಎಂದು ಒಪ್ಪಿಕೊಂಡ ದಿನ ಮಾತ್ರ ಬಾಗಿಲು ತೆರೆಯುತ್ತದೆ. ಕೊಲ್ಲಬಹುದಾಗಿದ್ದ ಶತ್ರುವಿಗೆ ಇಟಾಚಿ ಇಂಥದೊಂದು ದಾರಿ ಬಿಟ್ಟದ್ದು, ಅವನಲ್ಲಿ ತನ್ನದೇ ಹಳೆಯ ಮುಖ ಕಂಡಿದ್ದರಿಂದ.

ಕಬುಟೊ ಹೊರಬರುತ್ತಾನೆ. ಬಂದವನು ನೇರ ರಣರಂಗಕ್ಕೆ ಹೋಗಿ, ಸಾಯುತ್ತಿದ್ದ ಸಸುಕೆಯ ಪಕ್ಕ ಕುಳಿತು ಚಿಕಿತ್ಸೆ ಶುರುಮಾಡುತ್ತಾನೆ. ಇಟಾಚಿಯ ತಮ್ಮನನ್ನು ಬದುಕಿಸುತ್ತಾನೆ.