ಶೀತಕಾಲದಲ್ಲಿ ಮೋಟಾರುಕಾರಿನ ಮೊಂಡುತನ: ಕಾರಣ ಮತ್ತು ಪರಿಹಾರ

ಪುಷ್ಯಮಾಸದ ಬೆಳಗಿನ ಜಾವದಲ್ಲಿ, ಬೀದರಿನ ಪ್ರಸ್ಥಭೂಮಿಯಲ್ಲಾಗಲಿ ಮಡಿಕೇರಿಯ ಗುಡ್ಡದ ಓರೆಗಳಲ್ಲಾಗಲಿ, ರಾತ್ರಿಯೆಲ್ಲ ಬಯಲಲ್ಲಿ ನಿಂತ ಮೋಟಾರುಕಾರು ಕೀಲಿಕೈ ತಿರುಗಿಸಿದೊಡನೆ ಚಾಲನೆಗೊಳ್ಳದೆ ನರಳುವುದು ಅಪರೂಪದ ಸಂಗತಿಯಲ್ಲ. ಪೇಟೆಗೆ ಹೋಗುವವನಿಗೆ ಅದು ಅರ್ಧ ಗಳಿಗೆಯ ಕಿರುಕುಳವಷ್ಟೆ. ಪ್ರಸವವೇದನೆಯಲ್ಲಿರುವ ಸೊಸೆಯನ್ನು ಆಸ್ಪತ್ರೆಗೆ ಸೇರಿಸಬೇಕಾದ ಮನೆಯವರಿಗೆ ಅದು ಪ್ರಾಣಸಂಕಟ. ಇಂತಹ ವೇಳೆಯಲ್ಲಿ ಎಲ್ಲರೂ ಚಳಿಯನ್ನು ದೂರುವುದು ವಾಡಿಕೆ. ಆದರೆ ಈ ದೂರು ವಿಚಾರಣೆಗೆ ನಿಲ್ಲತಕ್ಕುದಲ್ಲ. ಹತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ನಮ್ಮ ಚಳಿಯು ಆರೋಗ್ಯವಂತ ಎಂಜಿನನ್ನು ತಡೆಯಲಾರದು. ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಘಟಕ್ಕೆ ಕುಂಬಾರನ ಕೋಲಿದ್ದಂತೆ ಚಳಿಯು ಇಲ್ಲಿ ನಿಮಿತ್ತ ಮಾತ್ರ. ಮೊದಲೇ ಒಳಗಿದ್ದ ದೌರ್ಬಲ್ಯವನ್ನು ಅದು ಹೊರಗೆಡಹುತ್ತದೆ.

ಚಳಿಯೇ ಮುಖ್ಯ ಕಾರಣವಾಗುವ ಪ್ರದೇಶಗಳೂ ಉಂಟು. ಲಡಾಖಿನ ಹಿಮಗಾಲದಲ್ಲಿ ಸಾಧಾರಣ ಡೀಸೆಲ್ಲಿನೊಳಗಿನ ಮೇಣದಂಶವು ಹೆಪ್ಪುಗಟ್ಟಿ ಕೊಳವೆಗಳನ್ನು ಮುಚ್ಚುತ್ತದೆ. ಅದಕ್ಕಾಗಿಯೇ ಇಂಡಿಯನ್ ಆಯಿಲ್ ಸಂಸ್ಥೆಯು 2019ರಲ್ಲಿ, ಶೂನ್ಯಕ್ಕಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯಬಲ್ಲ ವಿಶೇಷ ಡೀಸೆಲ್ಲನ್ನು ಅಲ್ಲಿಗೆ ಒದಗಿಸಿತು. ಗಡಿಯಲ್ಲಿ ಸೇವೆ ಸಲ್ಲಿಸಿ ಬಂದ ನಮ್ಮ ಸೈನಿಕರಿಗೆ ಆ ಚಳಿಯ ಪ್ರತಾಪವನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ಕನ್ನಡನಾಡಿನ ಕಾರಿಗೆ ಆ ನೆಪ ಸಲ್ಲದು.

ಹಾಗಾದರೆ ದೋಷವೆಲ್ಲಿ? ಬಹುಪಾಲು ಸಂದರ್ಭಗಳಲ್ಲಿ ಅದು ಬ್ಯಾಟರಿಯಲ್ಲಿ ಇಲ್ಲವೇ ಅದರ ತಂತಿಯ ಜೋಡಣೆಯಲ್ಲಿ ಇರುತ್ತದೆ. ಸೀಸ ಹಾಗೂ ಗಂಧಕಾಮ್ಲಗಳ ಈ ವಿದ್ಯುತ್ಕೋಶವನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಇಂದಿಗೂ ಅದರ ಮೂಲತತ್ತ್ವ ಬದಲಾಗಿಲ್ಲ. ಶೈತ್ಯದಲ್ಲಿ ಅದರ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ನೀರು ಗಡ್ಡೆಗಟ್ಟುವ ಮಟ್ಟದಲ್ಲಿ ಅದರ ಸಾಮರ್ಥ್ಯ ಸುಮಾರು ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ನಮ್ಮಲ್ಲಿ ಆಗುವ ಇಳಿಕೆ ಅದಕ್ಕಿಂತಲೂ ಕಡಮೆ. ಬ್ಯಾಟರಿಯ ನಿಜವಾದ ವೈರಿಯೆಂದರೆ ಬೇಸಗೆ. ರಾಯಚೂರು, ಕಲಬುರಗಿಗಳ ವೈಶಾಖದ ಬಿಸಿಲಿನಲ್ಲಿ ಅದರೊಳಗಿನ ಸೀಸದ ಜಾಲರಿ ಸವೆಯುತ್ತದೆ, ನೀರು ಆವಿಯಾಗಿ ಹೋಗುತ್ತದೆ. ಎಂಜಿನ್ ಸುಲಭವಾಗಿ ತಿರುಗುವ ಆ ದಿನಗಳಲ್ಲಿ ಈ ಗಾಯ ಯಾರಿಗೂ ಕಾಣಿಸದು. ಆರು ತಿಂಗಳ ತರುವಾಯ, ಎಣ್ಣೆ ಮಂದವಾಗಿ ಎಂಜಿನ್ ಹೆಚ್ಚು ಬಲವನ್ನು ಬೇಡುವ ಬೆಳಗಿನಲ್ಲಿ, ಅದು ಬಯಲಾಗುತ್ತದೆ. ಮನೆಯಿಂದ ಅಂಗಡಿಗೆ ಎರಡು ಫರ್ಲಾಂಗು ಮಾತ್ರ ಓಡುವ ಕಾರಿನ ಸ್ಥಿತಿ ಇನ್ನೂ ಶೋಚನೀಯ. ಚಾಲನೆಗಾಗಿ ವ್ಯಯವಾದ ವಿದ್ಯುತ್ತು ಅಷ್ಟು ಅಲ್ಪ ಪಯಣದಲ್ಲಿ ಮರಳಿ ತುಂಬುವುದಿಲ್ಲ.

ದೋಷವನ್ನು ಗುರುತಿಸಲು ಮೊದಲು ಬೇಕಾದುದು ಕಿವಿ, ಸ್ಪ್ಯಾನರು ಆಮೇಲೆ. ಕೀಲಿ ತಿರುಗಿಸಿದಾಗ 'ಟಕಟಕ' ಎಂಬ ಸದ್ದು ಒಂದೇ ಸಮನೆ ಬಂದು ದೀಪಗಳು ಮಂಕಾದರೆ ವಿದ್ಯುತ್ತು ಸಾಲದೆಂದು ತಿಳಿಯಬೇಕು. ದೀಪಗಳು ಪ್ರಕಾಶಮಾನವಾಗಿಯೇ ಇದ್ದು, 'ಟಕ್' ಎಂದು ಒಂದೇ ಸದ್ದಾಗಿ ಸುಮ್ಮನಾದರೆ ಸ್ಟಾರ್ಟರ್ ಮೋಟಾರಿನ ಮೇಲೆ ಸಂಶಯ ಹೋಗಬೇಕು. ಎಂಜಿನ್ ಏದುಸಿರು ಬಿಡುತ್ತ ನಿಧಾನವಾಗಿ ತಿರುಗಿದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಎಣ್ಣೆ ಅತಿಯಾಗಿ ಗಟ್ಟಿಯಾಗಿದೆ. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿ ನಿರಪರಾಧಿ. ಇಂಧನವನ್ನೋ ಕಿಡಿಯನ್ನೋ ವಿಚಾರಿಸಬೇಕು. ಈ ವಿವೇಚನೆಯಿಲ್ಲದೆ ಹೊಸ ಬ್ಯಾಟರಿ ಕೊಂಡು ತಂದು, ಮರುದಿನ ಮತ್ತೆ ಅದೇ ನರಳಾಟವನ್ನು ಕೇಳಿದವರು ಎಷ್ಟೋ ಮಂದಿ.

ಹೊಸದನ್ನು ಕೊಳ್ಳುವ ಮುನ್ನ ಎರಡು ಪರೀಕ್ಷೆಗಳಾಗಬೇಕು. ಬ್ಯಾಟರಿಯ ತುದಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವಿದ್ಯುತ್ತಿನ ದಾರಿಯೇ ಮುಚ್ಚಿದಂತೆ. ಋಣದ ತಂತಿಯನ್ನು ಮೊದಲು, ಧನದ ತಂತಿಯನ್ನು ಅನಂತರ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಿಂದ ತೊಳೆದು ಒರೆಸಿ, ಧನವನ್ನು ಮೊದಲು ಜೋಡಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನು ಸವರಿದರೆ ಎಷ್ಟೋ ಕಾರುಗಳು ಖರ್ಚಿಲ್ಲದೆ ಓಡುತ್ತವೆ. ಎರಡನೆಯದು ವೋಲ್ಟುಮಾಪಕ. ರಾತ್ರಿಯೆಲ್ಲ ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6 ವೋಲ್ಟು ತೋರಿದರೆ ಅದು ತುಂಬಿದೆ. 12ಕ್ಕೆ ಇಳಿದಿದ್ದರೆ ಬಹುತೇಕ ಬರಿದಾಗಿದೆ. ತುಂಬಿದ್ದರೂ ಚಾಲನೆಯ ಕ್ಷಣದಲ್ಲಿ ಅದು ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಮುಪ್ಪು ಬಂದಿತೆಂದೇ ಅರ್ಥ.

ಎಣ್ಣೆಯ ವಿಷಯದಲ್ಲಿ ಒಂದು ಮಾತು ಸಾಕು. ಡಬ್ಬಿಯ ಮೇಲಿನ 5ಡಬ್ಲ್ಯು, 20ಡಬ್ಲ್ಯು ಮುಂತಾದ ಗುರುತುಗಳಲ್ಲಿ 'ಡಬ್ಲ್ಯು' ಎಂಬುದು ಚಳಿಗಾಲವನ್ನು ಸೂಚಿಸುತ್ತದೆ. ಅಂಕಿ ಕಡಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಕಾರಿನ ಕೈಪಿಡಿಯನ್ನು ಬದಿಗೊತ್ತಿ, ಗಟ್ಟಿಯಾದುದೇ ಒಳ್ಳೆಯದೆಂದು ನಂಬಿ ಸುರಿಸಿಕೊಳ್ಳುವುದು ಉಚಿತವಲ್ಲ.

ಡೀಸೆಲ್ ಎಂಜಿನ್ನಿನ ಪ್ರಕೃತಿಯೇ ಬೇರೆ. ಅದರಲ್ಲಿ ಕಿಡಿಯಿಲ್ಲ, ಅದುಮಲ್ಪಟ್ಟ ಗಾಳಿಯ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳಬೇಕು. ತಣ್ಣಗಿನ ಲೋಹ ಆ ಕಾವನ್ನು ಹೀರಿಕೊಳ್ಳುವುದರಿಂದ ಸಿಲಿಂಡರನ್ನು ಮುಂಚಿತವಾಗಿ ಕಾಯಿಸುವ ಗ್ಲೋಪ್ಲಗ್ಗುಗಳನ್ನು ಅಳವಡಿಸಿರುತ್ತಾರೆ. ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾಯದೆ ಕೀಲಿ ತಿರುಗಿಸುವ ಚಾಲಕನು ಒಲೆ ಹೊತ್ತುವ ಮುನ್ನವೇ ರೊಟ್ಟಿ ತಟ್ಟಿ ಹಂಚಿಗೆ ಹಾಕಿದವನಂತೆ. ಕಾದರೂ ಹತ್ತದೆ ಬಿಳಿಯ ಹೊಗೆ ಬಂದರೆ ಗ್ಲೋಪ್ಲಗ್ಗು ಕೆಟ್ಟಿರುವ ಸಂಭವ ಹೆಚ್ಚು. ಏಕೆಂದರೆ ಆ ಹೊಗೆಯು ಉರಿಯದೆ ಉಳಿದ ಡೀಸೆಲ್ಲಿನ ಮಂಜು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಇಲ್ಲಿ ಹೊಗೆಯೇ ಬೆಂಕಿಯ ಅಭಾವಕ್ಕೆ ಸಾಕ್ಷಿಯಾಗುವುದೊಂದು ವಿನೋದ!

ಪೆಟ್ರೋಲ್ ಕಾರುಗಳಲ್ಲಿ ಹಿಂದೆ ಚೋಕ್ ಎಳೆಯುವ ಪದ್ಧತಿಯಿತ್ತು. ಚಳಿಯಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದ ಕಾರಣ ಇಂಧನದ ಪಾಲನ್ನು ಹೆಚ್ಚಿಸಲು ಆ ಉಪಾಯ. ಈಗಿನ ಕಾರುಗಳಲ್ಲಿ ಉಷ್ಣಮಾಪಕವೊಂದು ಸುದ್ದಿ ಕೊಟ್ಟಂತೆ ಗಣಕಯಂತ್ರವು ಆ ಕೆಲಸವನ್ನು ಮಾಡುತ್ತದೆ. ಆ ಮಾಪಕ ಸುಳ್ಳು ಹೇಳಿದರೆ ಬೆಳಗಿನ ಚಾಲನೆ ಕೆಡುತ್ತದೆ. ಸವೆದ ಪ್ಲಗ್ಗೂ ಹೀಗೆಯೇ ತೊಡಕಾಗಬಲ್ಲದು. ಇವೆರಡೂ ಮೆಕ್ಯಾನಿಕನಿಗೆ ಸೇರಿದ ಕೆಲಸ.

ಯಾವ ಕಾರಾದರೂ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಒಂದೇ ಸಮನೆ ಸ್ಟಾರ್ಟರನ್ನು ದುಡಿಸಬಾರದು. ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ನೆರೆಯವರ ಕಾರಿನಿಂದ ವಿದ್ಯುತ್ತನ್ನು ಎರವಲು ಪಡೆಯುವಾಗ ಕೆಂಪು ತಂತಿಯಿಂದ ಧನಕ್ಕೆ ಧನವನ್ನು ಸೇರಿಸಿ, ಕಪ್ಪು ತಂತಿಯ ಒಂದು ತುದಿಯನ್ನು ನೆರವಿನ ಬ್ಯಾಟರಿಯ ಋಣಕ್ಕೂ ಇನ್ನೊಂದು ತುದಿಯನ್ನು ಕೆಟ್ಟ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೂ ತಗಲಿಸಬೇಕು. ಬ್ಯಾಟರಿಯ ಸಮೀಪದಲ್ಲಿ ಜಲಜನಕ ಅನಿಲ ಸೇರಿರುವ ಸಂಭವವುಂಟು. ಕೊನೆಯ ಜೋಡಣೆಯ ಕಿಡಿ ಅಲ್ಲಿ ಹಾರಿದರೆ ಬ್ಯಾಟರಿ ಸಿಡಿದು ಆಮ್ಲವು ಕಣ್ಣಿಗೆ ಎರಚಬಹುದು.

ಕಾರು ಹತ್ತಿದ ಮೇಲೂ ಒಂದು ಎಚ್ಚರ ಅಗತ್ಯ. ಎಂಜಿನ್ ಬೆಚ್ಚಗಾಗಲೆಂದು ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಅದನ್ನು ಓಡಿಸುತ್ತ ನಿಲ್ಲಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನು ಅರಿಯುವ ಮೊದಲೇ ಅದು ಪ್ರಾಣ ತೆಗೆಯುತ್ತದೆ. ಕಾರನ್ನು ಬಯಲಿಗೆ ತಂದು, ಅರ್ಧ ನಿಮಿಷದ ನಂತರ ಮೆಲ್ಲಗೆ ಹೊರಟರೆ ದಾರಿಯಲ್ಲಿಯೇ ಎಂಜಿನ್ ಕಾವೇರುತ್ತದೆ.