ಹರಳು ಕೂರಿಸಿದರೂ ಸೆಟ್, ಮೂರು ದೋಸೆಯೂ ಸೆಟ್

ಕೆಳ ನ್ಯಾಯಾಲಯದ ತೀರ್ಪನ್ನು ಹೈಕೋರ್ಟ್ ‘ಸೆಟ್ ಅಸೈಡ್’ ಮಾಡಿತು ಎಂದರೆ ಆ ತೀರ್ಪು ಬಿದ್ದುಹೋಯಿತು, ಇನ್ನು ಅದು ನಡೆಯುವುದಿಲ್ಲ. ಮಗಳ ಓದಿಗೆಂದು ಎರಡು ಲಕ್ಷ ‘ಸೆಟ್ ಅಸೈಡ್’ ಮಾಡಿದ್ದೇನೆ ಎಂದರೆ ಆ ಹಣ ಭದ್ರವಾಗಿದೆ, ಯಾರೂ ಮುಟ್ಟುವ ಹಾಗಿಲ್ಲ. ಎರಡೂ ಕಡೆ ಇರುವುದು ಅವೇ ಎರಡು ಪದಗಳು. ಅವಸರದಲ್ಲಿ ಸುದ್ದಿ ಕನ್ನಡಿಸುವವರು ‘ತೀರ್ಪನ್ನು ಬದಿಗಿರಿಸಿದೆ’ ಎಂದು ಬರೆದುಬಿಟ್ಟರೆ, ಕೋರ್ಟು ಅದನ್ನು ಆಮೇಲೆ ನೋಡೋಣ ಅಂತ ಎತ್ತಿಟ್ಟ ಹಾಗೆ ಕೇಳಿಸುತ್ತದೆ. ಕೇಸು ಗೆದ್ದವರು ಯಾರು ಅಂತಲೇ ಗೊತ್ತಾಗುವುದಿಲ್ಲ. ‘ರದ್ದುಪಡಿಸಿದೆ’ ಎಂದರೆ ಮುಗಿಯಿತು.

ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಈ ‘ಸೆಟ್’ ಬಹುಕಾಲ ಅತಿ ಹೆಚ್ಚು ಅರ್ಥಗಳ ಪದವೆಂದು ಹೆಸರಾಗಿತ್ತು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತ್ಯಂತ ಉದ್ದದ ನಮೂದು ಇದರದೇ. ಕ್ರಿಯಾಪದವಾಗಿ ಸುಮಾರು 430 ಅರ್ಥಗಳು, ವಿವರಣೆಗೆ ಸುಮಾರು 60,000 ಪದಗಳು. ಒಂದು ಸಾಧಾರಣ ಕಾದಂಬರಿಯಷ್ಟಾಯಿತು. ಆಮೇಲೆ ಅದೇ ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ಕೂತು ‘ರನ್’ ಕ್ರಿಯಾಪದವನ್ನು ಪರಿಷ್ಕರಿಸಿದರು. 645 ಅರ್ಥಗಳಾದವು. 2011ರಲ್ಲಿ ಆ ಸುದ್ದಿ ಬಂದಾಗ ‘ಸೆಟ್’ ಕಿರೀಟ ಕಳಕೊಂಡಿತೆಂದು ಪತ್ರಿಕೆಗಳು ಬರೆದವು.

ಇಂಥ ಲೆಕ್ಕಗಳನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಗಿನ್ನೆಸ್ ದಾಖಲೆಗಳ ಪುಸ್ತಕ ಇದೇ ‘ಸೆಟ್’ಗೆ ನಾಮಪದವಾಗಿ 58, ಕ್ರಿಯಾಪದವಾಗಿ 126, ವಿಶೇಷಣವಾಗಿ 10 ಬಳಕೆಗಳೆಂದು ಎಣಿಸಿತ್ತು. ಒಟ್ಟು 194, ಆಕ್ಸ್‌ಫರ್ಡಿನ ಅರ್ಧವೂ ಇಲ್ಲ. ಯಾರ ಲೆಕ್ಕವೂ ತಪ್ಪಲ್ಲ. ಆಕ್ಸ್‌ಫರ್ಡಿನ ಮೊದಲ ಸಂಪಾದಕರಲ್ಲಿ ಹೆಸರಾದ ಜೇಮ್ಸ್ ಮರ್ರೆ ತಮ್ಮ ಮನೆಯ ತೋಟದಲ್ಲಿ ಶೆಡ್ ಹಾಕಿಸಿಕೊಂಡು ಕೆಲಸ ಮಾಡುತ್ತಿದ್ದರು. ದೇಶದ ಮೂಲೆಮೂಲೆಗಳಿಂದ ಓದುಗರು ಪುಸ್ತಕಗಳ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳಿಸುತ್ತಿದ್ದರು. ಒಂದು ಪದದ ಚೀಟಿಗಳನ್ನೆಲ್ಲ ಹರಡಿ, ಒಂದೇ ಬಗೆಯವನ್ನು ಒಂದು ಗುಡ್ಡೆ ಹಾಕಬೇಕು. ಪ್ರತಿ ಗುಡ್ಡೆಯೂ ಒಂದು ಅರ್ಥ. ಬಲೆ ಒಡ್ಡುವುದು, ಬೋನು ಇಡುವುದು ಒಂದೇ ಗುಡ್ಡೆಯೋ ಎರಡೋ? ಒಬ್ಬ ಸಂಪಾದಕ ಕೂಡಿಸುತ್ತಾನೆ, ಇನ್ನೊಬ್ಬ ಒಡೆಯುತ್ತಾನೆ. ಈಗ ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ, ಆದರೆ ಗುಡ್ಡೆ ಹಾಕುವವರ ತಕರಾರು ಹಾಗೇ ಇದೆ.

ಸಂಖ್ಯೆಗಿಂತ ಉಪಯೋಗಕ್ಕೆ ಬರುವ ಸಂಗತಿ ಬೇರೊಂದಿದೆ. ‘ಸೆಟ್’ ಮೂಲದಲ್ಲಿ ಒಂದು ಪದವಲ್ಲ, ಎರಡು. ಒಂದು ಹಳೆಯ ಇಂಗ್ಲಿಷಿನ ‘ಸೆಟ್ಟನ್’. ಕೂರು ಎಂಬರ್ಥದ ‘ಸಿಟ್’ ಪದದ ಪ್ರೇರಣಾರ್ಥಕ ರೂಪ ಅದು. ನಾವು ಕೂರು ಎಂಬುದಕ್ಕೆ ‘ಇಸು’ ಹಚ್ಚಿ ಕೂರಿಸು ಮಾಡುತ್ತೇವೆ. ಅವರು ಒಳಗಿನ ಸ್ವರ ಬದಲಿಸಿ ‘ಸಿಟ್’ ಅನ್ನು ‘ಸೆಟ್’ ಮಾಡಿದರು. ಇನ್ನೊಂದು ಲ್ಯಾಟಿನ್ನಿನ ‘ಸೆಕ್ಟ’, ಅಂದರೆ ಹಿಂಬಾಲಕರ ಗುಂಪು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಅದೂ ‘ಸೆಟ್’ ಆಗಿತ್ತು. ಪಂಥ ಎಂಬರ್ಥದ ‘ಸೆಕ್ಟ್’ ಇದರ ಒಡಹುಟ್ಟು. ಒಂದೇ ವೇಷದಲ್ಲಿ ಇಷ್ಟು ಕಾಲ ಜೊತೆಗಿದ್ದ ಮೇಲೆ ಎರಡರ ಅರ್ಥಗಳೂ ಅಲ್ಲಲ್ಲಿ ಒಂದರ ಮೇಲೊಂದು ಹರಿದಿವೆ.

ಜೋಡಿ, ಕಟ್ಟು, ಗುಂಪು ಎಂದು ಅರ್ಥ ಬರುವ ನಾಮಪದಗಳು ಸಾಮಾನ್ಯವಾಗಿ ಈ ಎರಡನೆಯ ಮನೆಯವು. ಟೀ ಸೆಟ್, ಹಲ್ಲುಸೆಟ್, ಮೋಟಾರು ಮತ್ತು ಪಂಪು ಕೂಡಿದ ಪಂಪ್‌ಸೆಟ್, ಹೋಟೆಲಿನಲ್ಲಿ ಸಾಗುವಿನ ಜೊತೆ ಮೂರಾಗಿ ಬರುವ (ಈಚೆಗೆ ಎಷ್ಟೋ ಕಡೆ ಎರಡೇ) ಸೆಟ್ ದೋಸೆ. ಗಣಿತದ ಸೆಟ್ ಕೂಡ ಸಮೂಹವೇ. ನಮ್ಮ ಪಠ್ಯಪುಸ್ತಕಗಳು ಅದನ್ನು ‘ಗಣ’ ಎಂದವು. ಶಿವನ ಹಿಂದೆ ಹೊರಡುವವರೂ ಗಣಗಳೇ ಆದ್ದರಿಂದ, ಬೇಕೆಂದಲ್ಲದಿದ್ದರೂ ಲ್ಯಾಟಿನ್ ಮೂಲದ ಹಿಂಬಾಲಕರೇ ಸಿಕ್ಕಿಬಿಟ್ಟರು.

ಕ್ರಿಯಾಪದ ಕಂಡರೆ ಮೊದಲು ‘ಕೂರಿಸು’ ಹಾಕಿ ನೋಡಿ. ಆಶ್ಚರ್ಯವಾಗುವಷ್ಟು ಸಲ ಕೆಲಸ ಆಗುತ್ತದೆ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ. ನಾಟಿ ವೈದ್ಯರು ಮುರಿದ ಮೂಳೆ ಕೂರಿಸುತ್ತಾರೆ. ಹೇಂಟೆಯನ್ನು ಕಾವಿಗೆ ಕೂರಿಸುತ್ತೇವೆ. ಮೂರಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ನಡೆಯುತ್ತದೆ. ಕೂರಿಸಿದ್ದು ಅಲ್ಲಾಡಬಾರದು, ಅಲ್ಲಿಂದಲೇ ನಿಗದಿಪಡಿಸು ಎಂಬರ್ಥ ಹೊರಟಿತು: ದಿನಾಂಕ, ಬೆಲೆ, ಅಲಾರಂ, ಪ್ರಶ್ನೆಪತ್ರಿಕೆ. ತಾನೇ ಕೂತು ಅಲ್ಲಾಡದಂತಾದರೆ ಗಟ್ಟಿಯಾಗು ಎಂದಾಯಿತು: ಜೆಲ್ಲಿ, ಮೊಸರು, ಸಿಮೆಂಟು.

ಸಿಮೆಂಟಿನ ವಿಷಯದಲ್ಲಿ ಎಂಜಿನಿಯರುಗಳು ಈ ಅರ್ಥವನ್ನು ಇನ್ನೂ ಸಣ್ಣದಾಗಿ ಸೀಳಿದ್ದಾರೆ. ಅವರಿಗೆ ಸೆಟ್ ಆಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಕಲಸಿದ್ದು ಮೆತುತನ ಕಳೆದುಕೊಳ್ಳುವುದು ಸೆಟ್ಟಿಂಗ್. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕೆ ಮೊದಲು ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಆಗಿರಬೇಕು. ತೀರ ಬೇಗ ಆಗದಿರಲೆಂದೇ ಕಾರ್ಖಾನೆಯಲ್ಲಿ ಜಿಪ್ಸಂ ಸೇರಿಸಿರುತ್ತಾರೆ. ಶಕ್ತಿ ತುಂಬಿಕೊಳ್ಳುವ ಕೆಲಸ ಆಮೇಲೂ ನಡೆಯುತ್ತಿರುತ್ತದೆ, ಅದನ್ನು ಅಳೆಯುವುದು 28 ದಿನಕ್ಕೆ. ಮೇಸ್ತ್ರಿ ‘ಸೆಟ್ ಆಗಿದೆ ಸಾರ್’ ಅಂದ ಕೂಡಲೇ ಕ್ಯೂರಿಂಗ್ ನೀರು ನಿಲ್ಲಿಸುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಕೂರಿಸು ಎಂದರೆ ಎಲ್ಲೆಡೆ ನಡೆಯುವುದಿಲ್ಲ. ಬಡಗಿ ಗರಗಸಕ್ಕೆ ‘ಸೆಟ್’ ಕೊಡುವುದೆಂದರೆ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ತುಸು ಬಾಗಿಸುವುದು. ಆಗ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ, ಗರಗಸ ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಇಂಥದ್ದು ಆ ಕಸುಬಿನವರನ್ನು ಕೇಳಿಯೇ ತಿಳಿಯಬೇಕು.

ಹೆಚ್ಚು ಕಾಡುವುದು ಬಾಲ ಹಚ್ಚಿಕೊಂಡ ರೂಪಗಳು. ಮಳೆ ‘ಸೆಟ್ ಇನ್’ ಆದರೆ ಮಳೆ ಹಿಡಿಯಿತು. ‘ಸೆಟ್ ಔಟ್’ ಅಂದರೆ ಹೊರಟರು. ‘ಸೆಟ್ ಅಪ್’ ಅಂದರೆ ಸ್ಥಾಪಿಸಿದರು, ಸನ್ನಿವೇಶ ನೋಡಿದರೆ ಸುಳ್ಳು ಕೇಸಿನಲ್ಲಿ ಸಿಕ್ಕಿಸಿದರು ಎಂದೂ ಆಗಬಹುದು. ‘ಸೆಟ್ ಆಫ್’ ಹೊರಡುವುದೂ ಹೌದು, ಪಟಾಕಿ ಹಚ್ಚುವುದೂ ಹೌದು. ಆದಾಯ ತೆರಿಗೆಯಲ್ಲಿ ನಷ್ಟವನ್ನು ಲಾಭಕ್ಕೆ ವಜಾ ಹಾಕಿಕೊಳ್ಳುವುದು, ಕ್ರಿಮಿನಲ್ ಕೇಸಿನಲ್ಲಿ ವಿಚಾರಣೆ ಮುಗಿಯುವ ಮೊದಲೇ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುವುದು ಕೂಡ ‘ಸೆಟ್ ಆಫ್’ ಆಗುತ್ತವೆ. ನಿಘಂಟಿನಲ್ಲಿ ಇವೆಲ್ಲ ಸಾಮಾನ್ಯವಾಗಿ ನಮೂದಿನ ಕೊನೆಗೆ ಸಾಲಾಗಿರುತ್ತವೆ. ಮೊದಲ ಅರ್ಥ ಓದಿ ಪುಟ ಮುಚ್ಚುವವರಿಗೆ ಅವು ಕಾಣುವುದೇ ಇಲ್ಲ. ಆದ್ದರಿಂದ ಹುಡುಕುವ ಕ್ರಮ ಹೀಗಿರಲಿ: ನಾಮಪದವೋ ಕ್ರಿಯಾಪದವೋ ನೋಡಿ, ಹಿಂದೆ ಬಾಲ ಇದೆಯೇ ನೋಡಿ, ಏನನ್ನು ಸೆಟ್ ಮಾಡುತ್ತಿದ್ದಾರೆ ಎಂಬುದನ್ನು ಹಿಡಿದು ಉದಾಹರಣೆ ವಾಕ್ಯಗಳಿಗೆ ಹೋಗಿ. ಅರ್ಥವಿವರಣೆಗಿಂತ ಉದಾಹರಣೆಯೇ ಬೇಗ ದಾರಿ ತೋರಿಸುತ್ತದೆ. ಭೂತಕಾಲದಲ್ಲೂ ರೂಪ ಬದಲಾಗದ ಪದವಿದು, ಬೆಲೆ ನಿಗದಿ ಮಾಡುತ್ತಾರೋ ಮಾಡಿದರೋ ಎಂಬುದು ಪಕ್ಕದ ವಾಕ್ಯದಿಂದಲೇ ತಿಳಿಯಬೇಕು.

ಇಷ್ಟು ಅರ್ಥ ಇಟ್ಟುಕೊಂಡು ಇಂಗ್ಲಿಷಿನವರು ಹೇಗೆ ಬಾಳುತ್ತಾರೋ ಎನಿಸಿದರೆ ನಮ್ಮ ‘ಕಟ್ಟು’ ನೋಡಿ. ಮನೆ ಕಟ್ಟು, ತಾಳಿ ಕಟ್ಟು, ಫೀಸು ಕಟ್ಟು, ಬುತ್ತಿ ಕಟ್ಟು, ಕಥೆ ಕಟ್ಟು, ಬಾಯಿ ಕಟ್ಟು. ಬೇಳೆ ಬೇಯಿಸಿ ಬಸಿದ ನೀರೂ ಕಟ್ಟೇ. ಯಾರೂ ತಡವರಿಸುವುದಿಲ್ಲ.

ಕನ್ನಡಕ್ಕೆ ಬಂದ ಮೇಲೆ ‘ಸೆಟ್’ ಹೊಸ ಅರ್ಥವನ್ನೂ ಪಡೆದಿದೆ. ‘ಈ ಊರ ನೀರು ನನಗೆ ಸೆಟ್ ಆಗಲ್ಲ’, ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಎನ್ನುತ್ತೇವೆ, ಅಂದರೆ ಒಗ್ಗುವುದಿಲ್ಲ, ಹೊಂದುವುದಿಲ್ಲ. ಲಂಡನ್ನಿನಲ್ಲಿ ಹೀಗಂದರೆ ಅರ್ಥವಾಗುವುದಿಲ್ಲ. ‘ಹುಡುಗ ಬೆಂಗಳೂರಲ್ಲಿ ಸೆಟ್ ಆದ’ ಎಂಬುದರಲ್ಲಿ ‘ಸೆಟಲ್’ ಎಂಬ ಇನ್ನೊಂದು ಪದ ಸೇರಿಕೊಂಡಿದೆ ಎಂದು ನನ್ನ ಗುಮಾನಿ. ಇಂದಿನ ಆಡುಗನ್ನಡಕ್ಕೆ ಯಾರಾದರೂ ನಿಘಂಟು ಮಾಡುವುದಾದರೆ ‘ಸೆಟ್ ಆಗು’ ಎಂಬುದಕ್ಕೆ ಪ್ರತ್ಯೇಕ ನಮೂದು ಕೊಡಬೇಕು, ಉದಾಹರಣೆಗೆ ಸಿಮೆಂಟನ್ನೂ ಊರ ನೀರನ್ನೂ ಬೇರೆ ಬೇರೆ ಗುಡ್ಡೆಗೆ ಹಾಕಬೇಕು.